ಬೆಳಗ್ಗೆ ಹಕ್ಕಿ, ಬಿಸಿಲೇರಿದ ಮೇಲೆ ಚಿಟ್ಟೆ: ಕೊಡಗಿನ ಬೇಸಿಗೆ ರಜೆಗೊಂದು ಕೈಪಿಡಿ

ಬೇಸಿಗೆ ರಜೆಗೆ ಕೊಡಗಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ದಿನಕ್ಕೆ ನಾಲ್ಕೈದು ಸ್ಥಳಗಳ ಪಟ್ಟಿ ಹಿಡಿದೇ ಬರುತ್ತವೆ. ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ, ರಾಜಾಸೀಟ್ ಎಂದು ಸುತ್ತುವಷ್ಟರಲ್ಲಿ ಅರ್ಧ ದಿನ ಕಾರಿನಲ್ಲೇ ಕಳೆದಿರುತ್ತದೆ. ಹಕ್ಕಿ, ಚಿಟ್ಟೆ ನೋಡುವ ಆಸೆಯಿದ್ದರೆ ಈ ಪಟ್ಟಿಯನ್ನು ಬದಿಗಿಡಿ. ಹಣ್ಣು ಬಿಟ್ಟ ಒಂದು ಬಸರಿ ಮರದ ಎದುರು ಎರಡು ಗಂಟೆ ಸುಮ್ಮನೆ ಕೂತವರಿಗೆ ಕಾಣುವಷ್ಟು ಹಕ್ಕಿ, ಐದು ತಾಣ ಸುತ್ತಿದವರಿಗೆ ಕಾಣುವುದಿಲ್ಲ. ಹುಡುಕಬೇಕಾದದ್ದು ಸ್ಥಳವನ್ನಲ್ಲ, ಹಣ್ಣಿನ ಮರ, ಹೂಬಿಟ್ಟ ಗಿಡ ಮತ್ತು ಒದ್ದೆ ನೆಲ. ಈ ಮೂರೂ ಕೊಡಗಿನ ಯಾವ ಕಾಫಿ ತೋಟದಲ್ಲಾದರೂ, ಯಾವ ಹೋಂಸ್ಟೇ ಅಂಗಳದ ಸುತ್ತಲಾದರೂ ಸಿಗುತ್ತವೆ.

ಏಪ್ರಿಲೋ, ಮೇಯೋ?

ರಜೆಯ ಈ ಎರಡು ತಿಂಗಳು ಒಂದೇ ಥರ ಇರುವುದಿಲ್ಲ. ಏಪ್ರಿಲ್ ಮೊದಲ ಎರಡು ವಾರಗಳಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಇನ್ನೂ ಅಲ್ಲಲ್ಲಿ ಉಳಿದಿರುತ್ತವೆ. ತೋಟದ ತರಗೆಲೆ ಕೆದಕುವ ನವರಂಗ, ತೋಡಿನ, ಅಂದರೆ ಸಣ್ಣ ಹಳ್ಳದ, ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಕುಂಡೆಕುಸ್ಕ ಹೊರಟುಹೋಗುವ ಮೊದಲು ಕಣ್ಣಿಗೆ ಬೀಳಬಹುದು. ತಿಂಗಳ ಕೊನೆಯ ಹೊತ್ತಿಗೆ ಇವು ಹೆಚ್ಚುಕಡಿಮೆ ಖಾಲಿ. ಆದರೆ ಊರಿನ ಹಕ್ಕಿಗಳಿಗೆ ಅದೇ ಗೂಡು ಕಟ್ಟುವ, ಮರಿ ಸಾಕುವ ಕಾಲ. ಕೂಗು ಜೋರು, ಓಡಾಟ ಹೆಚ್ಚು. ಹೊಸಬರಿಗೆ ಹಕ್ಕಿ ಗುರುತಿಸಲು ಇದಕ್ಕಿಂತ ಸುಲಭದ ಕಾಲವಿಲ್ಲ, ಏಕೆಂದರೆ ಅವೇ ಕೂಗಿ ತಾವಿರುವ ಜಾಗ ಹೇಳುತ್ತವೆ.

ಚಿಟ್ಟೆಗಳ ಲೆಕ್ಕ ಮಳೆಯ ಮೇಲೆ ನಿಂತಿದೆ. ಕಾಫಿಗೆ ಹೂಮಳೆ, ಅಂದರೆ ಹೂವರಳಿಸುವ ಬೇಸಿಗೆ ಮಳೆ, ಸರಿಯಾಗಿ ಬಿದ್ದ ವರ್ಷ ಗಿಡಬಳ್ಳಿಗಳು ಬೇಗ ಚಿಗುರುತ್ತವೆ. ಆ ಚಿಗುರು ತಿಂದು ಹುಳು ಬೆಳೆದು, ಕೋಶ ಕಟ್ಟಿ, ಚಿಟ್ಟೆಯಾಗಿ ಹೊರಬರಲು ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಹಾಗಾಗಿ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಎರಡು ಮೂರು ಒಳ್ಳೆಯ ಮಳೆಯಾಗಿದ್ದರೆ ಮೇ ಎರಡನೇ ವಾರದ ಹೊತ್ತಿಗೆ ತೋಡಿನ ಬದಿಯಲ್ಲಿ ಚಿಟ್ಟೆಗಳ ಗುಂಪು ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ನೀರಿರುವ ಕಡೆ ಮಾತ್ರ ಹುಡುಕಬೇಕು. ವರ್ಷದಲ್ಲಿ ಅತಿ ಹೆಚ್ಚು ಚಿಟ್ಟೆ ಇರುವುದು ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಬೇಸಿಗೆಯ ವಿಶೇಷ ಬೇರೆ: ನೀರಿನ ಜಾಗಗಳು ಕಡಿಮೆಯಾಗಿರುವುದರಿಂದ ಇದ್ದಬದ್ದ ಚಿಟ್ಟೆಗಳೆಲ್ಲ ಒಂದೇ ಕಡೆ ಸೇರುತ್ತವೆ. ಮಕ್ಕಳಿಗೆ ತೋರಿಸಲು ಇದೇ ಅನುಕೂಲ.

ದಿನವನ್ನು ಹಂಚಿಕೊಳ್ಳುವ ಬಗೆ

ಈ ದಿನಗಳಲ್ಲಿ ಸೂರ್ಯೋದಯ ಬೆಳಗ್ಗೆ 6 ಗಂಟೆ ದಾಟಿದ ಕೂಡಲೇ. 6.15ರಿಂದ 8.30ರವರೆಗಿನ ಹೊತ್ತು ಹಕ್ಕಿಗಳದ್ದು. ರಾತ್ರಿಯಿಡೀ ಹಸಿದ ಹಕ್ಕಿ ಆಗ ಮರದ ಹೊರಗೊಂಬೆಗಳಲ್ಲೇ ತಿನ್ನುತ್ತಿರುತ್ತದೆ. 9ರ ನಂತರ ಎಲೆಗಳ ಒಳಗೆ ಸೇರಿಬಿಡುತ್ತದೆ. ಚಿಟ್ಟೆಯದು ತದ್ವಿರುದ್ಧ. ಅದರ ಮೈ ತಾನಾಗಿ ಬಿಸಿಯಾಗುವುದಿಲ್ಲ. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಂಡ ಮೇಲಷ್ಟೇ ಹಾರಲು ಶಕ್ತಿ. ಮಡಿಕೇರಿ, ಕಕ್ಕಬ್ಬೆ ಕಡೆಯ ತಂಪಿನಲ್ಲಿ 9.30ಕ್ಕೆ ಮೊದಲು ಹೋಗಿ ಪ್ರಯೋಜನವಿಲ್ಲ. ಕುಶಾಲನಗರದ ಕಡೆ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ. 12.30ರವರೆಗೆ ಚಿಟ್ಟೆ ನೋಡಿ.

ಈ ಎರಡರ ನಡುವಿನ ಒಂದು ಗಂಟೆ ಹೇಗೂ ತಿಂಡಿಯ ಹೊತ್ತು. ಅಕ್ಕಿರೊಟ್ಟಿಯೋ ಪುಟ್ಟೋ ಹೊಟ್ಟೆಗೆ ಬಿದ್ದ ಮೇಲೆ ಮಕ್ಕಳು ಎರಡನೇ ಸುತ್ತಿಗೆ ತಾವೇ ಹೊರಡುತ್ತಾರೆ. ಬೆಳಗ್ಗೆ ಹೊರಡುವಾಗ ಬರೀ ಹೊಟ್ಟೆಯಲ್ಲಿ ಕರೆದೊಯ್ಯಬೇಡಿ, ಬಾಳೆಹಣ್ಣೋ ಬಿಸ್ಕತ್ತೋ ಕೊಡಿ. ಅರ್ಧ ದಾರಿಯಲ್ಲಿ ಹಸಿವೆಂದು ಹಟ ಹಿಡಿದ ಮಗುವಿನ ಜೊತೆ ಹಕ್ಕಿ ನೋಡಲಾಗುವುದಿಲ್ಲ. ಮಧ್ಯಾಹ್ನ ಮಲಗಿ. ಮೂರರ ನಂತರ ಗುಡುಗು ಮಳೆ ಬರುವ ಸಾಧ್ಯತೆ ಹೆಚ್ಚು. ಮಳೆ ನಿಂತ ಸಂಜೆಯನ್ನು ಮಾತ್ರ ಬಿಡಬೇಡಿ: ನೆಲದಿಂದ ಈಸಲುಹುಳು, ಅಂದರೆ ರೆಕ್ಕೆ ಬಂದ ಗೆದ್ದಲು, ಎದ್ದಾಗ ಕಾಜಾಣ, ಕಳ್ಳಿಪೀರ, ಪಿಕಳಾರ, ಕಾಗೆ ಎಲ್ಲ ಒಟ್ಟಿಗೆ ಬಂದು ಗಾಳಿಯಲ್ಲೇ ಹಿಡಿದು ತಿನ್ನುತ್ತವೆ. ಅಂಗಳದ ಕುರ್ಚಿಯಲ್ಲಿ ಕೂತೇ ನೋಡಬಹುದಾದ ನೋಟ ಇದು.

ತಂಡ ದೊಡ್ಡದಿದ್ದರೆ ಎರಡು ಮಾಡಿ. ಐದಾರು ಜನಕ್ಕಿಂತ ಹೆಚ್ಚಾದರೆ ಪಿಸುಮಾತೂ ಗದ್ದಲವೇ. ಕಾರಿನ ಬಾಗಿಲನ್ನು ಧಡಾರೆಂದು ಹಾಕಿದರೆ ಮುಂದಿನ ಹತ್ತು ನಿಮಿಷ ವ್ಯರ್ಥ.

ದುರ್ಬೀನು: ಕೊಳ್ಳುವುದಕ್ಕಿಂತ ಹೊಂದಿಸುವುದು ಮುಖ್ಯ

ಕುಟುಂಬಕ್ಕೆ ಒಂದೇ ದುರ್ಬೀನು ಎಂದಾದರೆ 8x42 ಅಥವಾ 8x32 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ದೊಡ್ಡ ಅಂಕಿ ಒಳ್ಳೆಯದೆಂದು 10, 12 ಪಟ್ಟಿನದು ಕೊಂಡರೆ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ, ನೋಟದ ಅಗಲ ಕುಗ್ಗುತ್ತದೆ. ಮಕ್ಕಳಿಗೆ ಅದರಲ್ಲಿ ಹಕ್ಕಿ ಸಿಗುವುದೇ ಇಲ್ಲ. ಚಿಕ್ಕ ಮಕ್ಕಳಿಗೆ 6x30 ಹಗುರ, ಸಾಕು. ಚಿಟ್ಟೆಗೂ ಬಳಸಬೇಕಾದರೆ ಎರಡು ಮೀಟರ್ ದೂರದಲ್ಲಿರುವುದೂ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಕೆಲವು ದುರ್ಬೀನುಗಳಿಗೆ ನಾಲ್ಕೈದು ಮೀಟರ್‌ಗಿಂತ ಹತ್ತಿರದ್ದೆಲ್ಲ ಮಸುಕು.

ದುರ್ಬೀನಿನಲ್ಲಿ ಏನೂ ಕಾಣುವುದಿಲ್ಲ ಎನ್ನುವವರ ತೊಂದರೆ ಹೆಚ್ಚಾಗಿ ಹೊಂದಾಣಿಕೆಯದು. ಮೊದಲು ಎರಡು ನಳಿಗೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತ ಸೇರಿ ಒಂದೇ ವೃತ್ತವಾಗುವವರೆಗೆ ಸರಿಪಡಿಸಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು, ಹಾಕದವರು ಹೊರಕ್ಕೆ. ಆಮೇಲೆ ಇಪ್ಪತ್ತು ಮೀಟರ್ ಆಚೆಯ ಒಂದು ಬೋರ್ಡು ನೋಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗಲಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ನಳಿಗೆಯ ಬಳಿಯಿರುವ ಚಿಕ್ಕ ಉಂಗುರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆ ಉಂಗುರ ನಿಂತ ಜಾಗ ನಿಮ್ಮ ಕಣ್ಣಿನದು, ನೆನಪಿಟ್ಟುಕೊಳ್ಳಿ. ಇನ್ನು ನಡುವಿನ ಚಕ್ರ ಒಂದೇ ಸಾಕು.

ಹಕ್ಕಿ ಕಂಡಾಗ ದುರ್ಬೀನಿನಲ್ಲಿ ಅದನ್ನು ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ತಲೆ ಅಲುಗದಿರಲಿ, ದುರ್ಬೀನನ್ನು ಕಣ್ಣಿಗೆ ತನ್ನಿ. ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ಮಕ್ಕಳಿಗೆ ಇದನ್ನೇ ಆಡಿಸಿ: ತೆಂಗಿನ ಗರಿ, ಕಂಬದ ತುದಿ, ದೂರದ ಹೆಂಚು. ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ. ಪಟ್ಟಿ ಕೊರಳಲ್ಲೇ ಇರಬೇಕು. ಹಕ್ಕಿ ಕಂಡ ಸಂಭ್ರಮದಲ್ಲಿ ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಒಳಗಿನ ಗಾಜು ವಾಲಿ, ಒಂದು ಹಕ್ಕಿ ಎರಡಾಗಿ ಕಾಣತೊಡಗುತ್ತದೆ. ಮನೆಯಲ್ಲಿ ಅದನ್ನು ಸರಿಮಾಡಲಾಗದು.

ಯಾವ ಮರ, ಯಾವ ಹಕ್ಕಿ

ತೋಟಕ್ಕೆ ಕಾಲಿಡುವ ಮೊದಲು ಮಾಲೀಕರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಒಂದು ಪ್ರಶ್ನೆ ಕೇಳಿ: ಈಗ ಯಾವ ಮರದಲ್ಲಿ ಹಣ್ಣಿದೆ? ನೆರಳಿಗೆ ಬಿಟ್ಟ ಬಸರಿ, ಗೋಣಿ, ಅತ್ತಿ ಮರಗಳು ಒಂದೊಂದೂ ತನ್ನದೇ ಸಮಯಕ್ಕೆ ಹಣ್ಣಾಗುತ್ತವೆ. ಪಕ್ಕದ ಮರ ಬರಿದಾಗಿದ್ದರೂ ಇನ್ನೊಂದು ತುಂಬಿ ತುಳುಕುತ್ತಿರುತ್ತದೆ. ಕೆಳಗೆ ಹಣ್ಣು ಉದುರಿದ್ದರೆ, ಎಲೆಗಳ ಮೇಲೆ ಹಿಕ್ಕೆಯಿದ್ದರೆ ಸರಿಯಾದ ಮರ. ಸೂರ್ಯ ಬೆನ್ನಿಗಿರುವಂತೆ, ಮರದ ಬುಡದಿಂದ 25–30 ಮೀಟರ್ ಹಿಂದೆ ಕೂರಿ. ಬುಡದಲ್ಲೇ ನಿಂತರೆ ಕತ್ತು ನೋವು, ಆಕಾಶದ ಬೆಳಕಿಗೆ ಹಕ್ಕಿಯೆಲ್ಲ ಕಪ್ಪು ನೆರಳು. ಬಣ್ಣ ಕಾಣುತ್ತಿಲ್ಲ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಕೂತ ದಿಕ್ಕು.

ಅಂಥ ಮರಕ್ಕೆ ಮೊದಲು ಬರುವುದು ಕುಟ್ರು. ಮೈ ಹಸಿರು, ತಲೆ ಕಂದು, ಕೆನ್ನೆ ಬಿಳಿ. ಕೂತರೆ ಎಲೆಯೊಳಗೆ ಕರಗಿಹೋಗುತ್ತದೆ, ಆದರೆ ‘ಕುಟ್ರೂ ಕುಟ್ರೂ’ ಎಂಬ ಕೂಗು ಇಡೀ ತೋಟ ತುಂಬುತ್ತದೆ. ಜೊತೆಗೆ ಪಿಕಳಾರ, ಬೆಟ್ಟದ ಮೈನಾ, ಹಸಿರು ಪಾರಿವಾಳ. ಸ್ವಲ್ಪ ಹೊತ್ತಿಗೆ ಯಾರೋ ಗಟ್ಟಿಯಾಗಿ ಕೇಕೆ ಹಾಕಿ ನಕ್ಕಂತೆ ಕೇಳಿಸಿದರೆ ಮಕ್ಕಳನ್ನು ಎಚ್ಚರಿಸಿ: ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಬಂದಿದೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಹಕ್ಕಿ ಕೊಡಗಿನ ತೋಟಗಳಲ್ಲಿ ಅಪರೂಪವಲ್ಲ ಎಂಬುದೇ ಇಲ್ಲಿಗೆ ಬರುವವರ ಭಾಗ್ಯ. ಇದರ ಕೊಕ್ಕಿನ ಮೇಲೆ ಕೊಂಬಿನಂಥ ಉಬ್ಬು ಇರುವುದಿಲ್ಲ. ಬ್ರಹ್ಮಗಿರಿ, ಮಾಕುಟ್ಟದ ಕಾಡಿನ ಅಂಚಿನಲ್ಲಿ ಕಾಣಸಿಗಬಹುದಾದ ದೊಡ್ಡ ಮಂಗಟ್ಟೆಗೆ ಹಳದಿ ಕೊಂಬಿದೆ, ಹಾರುವಾಗ ರೆಕ್ಕೆಯ ಸದ್ದು ಬಹಳ ದೂರಕ್ಕೆ ಕೇಳುತ್ತದೆ.

ಮಂಗಟ್ಟೆಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಈ ತಿಂಗಳುಗಳಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿಯನ್ನು ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಮೆತ್ತಿಕೊಂಡಿರುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ತಿಂಗಳುಗಟ್ಟಲೆ ತಾಯಿಗೂ ಮರಿಗೂ ಗಂಡು ತಂದುಕೊಡುವ ಹಣ್ಣೇ ಆಧಾರ. ಒಂದೇ ಗಂಡು ಪದೇಪದೇ ಒಂದೇ ಕಾಂಡದತ್ತ ಹೋಗುತ್ತಿದ್ದರೆ ಅಲ್ಲಿ ಗೂಡಿದೆ ಎಂದೇ ಅರ್ಥ. ಜನ ನಿಂತಿದ್ದರೆ ಅದು ಗೂಡಿಗೆ ಬರದೆ ಹತ್ತಿರದ ಮರದಲ್ಲಿ ಕಾಯುತ್ತದೆ. ನೀವು ಫೋಟೋಗಾಗಿ ಕಾದಷ್ಟು ಹೊತ್ತು ಒಳಗಿನವು ಉಪವಾಸ. ಐವತ್ತು ಮೀಟರ್ ಹಿಂದೆ ಸರಿದು, ಒಂದೆರಡು ನಿಮಿಷ ನೋಡಿ, ಹೊರಟುಬಿಡಿ. ಗೂಡಿನ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಹಣ್ಣಿನ ಮರವಿಲ್ಲದಿದ್ದರೆ ಹೂವು ನೋಡಿ. ಸಿಲ್ವರ್ ಓಕ್ ಕಿತ್ತಳೆ ಬಣ್ಣದ ಹೂ ಬಿಟ್ಟಿದ್ದರೆ ಸೂರಕ್ಕಿ, ಎಲೆಹಕ್ಕಿ, ಕಾಜಾಣಗಳ ಜಾತ್ರೆ. ಮರದ ಮೇಲೆ ಬದನಿಕೆ ಬೆಳೆದಿದ್ದರೆ ಹೆಬ್ಬೆರಳಿನ ಗಾತ್ರದ ಬದನಿಕೆ ಹಕ್ಕಿಯನ್ನು ಅಲ್ಲೇ ಹುಡುಕಿ. ತೋಡಿನ ಬದಿಯಲ್ಲಿ ಬೆಳಕು ಹರಿಯುವ ಮೊದಲೇ ಯಾರೋ ಹುಡುಗ ರಾಗ ತಪ್ಪಿ ಶಿಳ್ಳೆ ಹಾಕಿದಂತೆ ಕೇಳುವುದು ಸರಳೆ ಸಿಳ್ಳಾರ; ಕಡುನೀಲಿ ಮೈ, ಹಣೆ ಮತ್ತು ಭುಜದಲ್ಲಿ ಹೊಳೆಯುವ ನೀಲಿ. ರಸ್ತೆ ಬದಿಯ ಮಣ್ಣಿನ ಬರೆಯಲ್ಲಿ ಸಾಲುಸಾಲು ತೂತುಗಳಿದ್ದರೆ ಕಳ್ಳಿಪೀರದ ಗೂಡು. ಕಾರು ನಿಲ್ಲಿಸಿ ಒಳಗಿನಿಂದಲೇ ನೋಡಿ, ಇಳಿದರೆ ಹಾರಿಹೋಗುತ್ತದೆ. ದಟ್ಟ ಕಾಡಿನಲ್ಲಿ ಕೆಂಪು ಹೊಟ್ಟೆಯ ಕಾಕರಣೆ ಕದಲದೆ ಕೂತಿರುತ್ತದೆ. ಕಾಡಿನಲ್ಲಿ ಒಂದೂ ಹಕ್ಕಿ ಇಲ್ಲವೆನಿಸಿ ಇದ್ದಕ್ಕಿದ್ದಂತೆ ಇಪ್ಪತ್ತು ಮೂವತ್ತು ಒಟ್ಟಿಗೆ ಬಂದರೆ ಗಾಬರಿಯಾಗಬೇಡಿ. ಚಿತ್ರಪಕ್ಷಿ, ಮರಕುಟಿಕ, ರಾಜಹಕ್ಕಿ, ಭೀಮರಾಜ ಬೇಟೆಯಾಡುತ್ತ ಒಟ್ಟಾಗಿ ಸಾಗುವುದು ಇಲ್ಲಿನ ಕಾಡಿನ ರೂಢಿ. ಹಿಂದೆ ಓಡದೆ ನಿಂತಲ್ಲೇ ನಿಂತು ಒಂದೊಂದನ್ನೇ ಆರಿಸಿ ನೋಡಿ.

ಹೆಸರು ಗೊತ್ತಿಲ್ಲದ ಹಕ್ಕಿ ಕಂಡಾಗ ಮಕ್ಕಳ ಕೈಯಲ್ಲಿ ತಕ್ಷಣ ಫೋನು ಕೊಡಬೇಡಿ. ಗಾತ್ರ ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಕೊಕ್ಕು ಚೂಪೋ, ದಪ್ಪವೋ, ಬಾಗಿದೆಯೋ? ಬಾಲ ಉದ್ದವೋ, ಕವಲೊಡೆದಿದೆಯೋ? ನೆಲದಲ್ಲೋ, ಕಾಂಡದಲ್ಲೋ, ತುದಿಗೊಂಬೆಯಲ್ಲೋ? ಬಣ್ಣ ಕೊನೆಗೆ, ಏಕೆಂದರೆ ಬೆಳಕು ಮೋಸ ಮಾಡುವುದು ಬಣ್ಣದಲ್ಲೇ. ಇಷ್ಟನ್ನು ಬರೆದುಕೊಂಡ ಮೇಲೆ ಆ್ಯಪ್ ತೆರೆಯಿರಿ. ಮರ್ಲಿನ್ ಆ್ಯಪ್‌ನ ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈಯಲ್ಲೇ ಇಳಿಸಿಕೊಂಡು ಬನ್ನಿ, ತೋಟದೊಳಗೆ ಸಿಗ್ನಲ್ ನಂಬಲಾಗದು. ಅದು ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಕೊಡಗಿನಲ್ಲಿ ಅದಕ್ಕೊಬ್ಬ ಎದುರಾಳಿ ಇದ್ದಾನೆ: ಭೀಮರಾಜ. ಬಾಲದ ತುದಿಯಲ್ಲಿ ಎರಡು ಉದ್ದ ತಂತಿ, ತಂತಿಯ ಕೊನೆಗೆ ಗರಿಯ ಬಿಲ್ಲೆ ಇರುವ ಈ ಕಪ್ಪು ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಒಂದರ ಹಿಂದೊಂದು ಅನುಕರಿಸುತ್ತದೆ. ಒಂದೇ ಮರದಿಂದ ಒಂದೇ ನಿಮಿಷದಲ್ಲಿ ಐದಾರು ಹೆಸರು ತೋರಿಸಿದರೆ ಕಣ್ಣಾರೆ ನೋಡದೆ ಯಾವುದನ್ನೂ ಬರೆದುಕೊಳ್ಳಬೇಡಿ. ಫೋನಿನಿಂದ ಕೂಗು ನುಡಿಸಿ ಹಕ್ಕಿಯನ್ನು ಕರೆಯುವುದಂತೂ ಬೇಡವೇ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಗಂಡು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಆ ಹೊತ್ತಿಗೆ ಮೊಟ್ಟೆ, ಮರಿ ಕಾಯುವವರಿಲ್ಲ.

ಚಿಟ್ಟೆಯ ಹಿಂದೆ ಓಡಬೇಡಿ

ಚಿಟ್ಟೆ ನೋಡಲು ಮೊದಲು ಹುಡುಕಬೇಕಾದದ್ದು ಮರಿಹುಳು ತಿನ್ನುವ ಗಿಡ. ಪ್ರತಿ ಚಿಟ್ಟೆಗೂ ತನ್ನದೇ ಗಿಡ ಬೇಕು, ಬೇರೆ ಎಲೆಯ ಮೇಲೆ ತಾಯಿ ಮೊಟ್ಟೆಯಿಡುವುದಿಲ್ಲ. ಕಿತ್ತಳೆ, ನಿಂಬೆ, ಕರಿಬೇವಿನ ಗಿಡವಿದ್ದಲ್ಲಿ ಕಾಮನ್ ಮಾರ್ಮನ್, ಲೈಮ್ ಚಿಟ್ಟೆಗಳು ಖಚಿತ. ಕಿತ್ತಳೆ ಗಿಡದ ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪುಬಿಳಿ ಹುಳುವನ್ನು ಮಕ್ಕಳಿಗೆ ತೋರಿಸಿ. ದೊಡ್ಡದಾದ ಮೇಲೆ ಅದೇ ಹುಳು ಹಸಿರಾಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಸಲ ಸಾಕು, ಪದೇಪದೇ ಕೆಣಕಬೇಡಿ. ದಾಲ್ಚಿನ್ನಿ ಮರದಲ್ಲಿ ಕಾಮನ್ ಬ್ಲೂಬಾಟಲ್, ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್. ಈಶ್ವರಿ ಬಳ್ಳಿಯಿರುವ ತೋಟವಾದರೆ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕಾಣುವ ಅವಕಾಶವಿದೆ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್, ಹಿಂದಿನ ರೆಕ್ಕೆ ಚಿನ್ನದ ಹಳದಿ. ಮರಗಳ ತುದಿಯಲ್ಲಿ ಹಾರುವುದರಿಂದ ಮೊದಲ ಸಲ ನೋಡಿದವರು ಚಿಕ್ಕ ಹಕ್ಕಿಯೆಂದೇ ತಿಳಿಯುತ್ತಾರೆ. ಬೆಳಗ್ಗೆ ಹೂವಿಗೆ ಇಳಿದಾಗ ನೋಡಬೇಕು.

ಎರಡನೆಯದು ಒದ್ದೆ ನೆಲ. ಬತ್ತಿದ ತೋಡಿನ ಮರಳು, ರಸ್ತೆ ಬದಿಯ ಊಟೆ, ದನ ಕಟ್ಟುವ ಜಾಗದ ಅಂಚು. ಇಲ್ಲಿ ಗುಂಪಾಗಿ ಕೂತು ಹೀರುವುದು ಬಹುತೇಕ ಗಂಡುಗಳು. ಅವಕ್ಕೆ ಬೇಕಾದದ್ದು ನೀರಲ್ಲ, ನೀರಿನಲ್ಲಿ ಕರಗಿದ ಉಪ್ಪಿನಂಶ. ಎಲೆ ತಿಂದು ಬೆಳೆದ ಮೈಯಲ್ಲಿ ಸೋಡಿಯಂ ಕಡಿಮೆ. ಮಿಲನದ ಹೊತ್ತಿಗೆ ಅದನ್ನು ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಸೇರುತ್ತದೆ. ಕೂತು ಹೀರುವಾಗ ಅವುಗಳ ಗಮನವೆಲ್ಲ ಅಲ್ಲೇ. ಹತ್ತಿರ ಹೋಗಲು ಇದೇ ಸಮಯ. ಮೂರು ಮೀಟರ್ ದೂರದಲ್ಲಿ ಮಂಡಿಯೂರಿ, ತಗ್ಗಿ, ಒಂದೊಂದೇ ಹೆಜ್ಜೆ ಸರಿಯಿರಿ. ಚಿಟ್ಟೆ ಹೆದರುವುದು ಮುಖ್ಯವಾಗಿ ಚಲನೆಗೆ ಮತ್ತು ನೆರಳಿಗೆ. ನಿಮ್ಮ ನೆರಳು ಅದರ ಮೇಲೆ ಬಿದ್ದ ಕ್ಷಣ ಎದ್ದುಬಿಡುತ್ತದೆ. ಎದ್ದರೆ ಅಲುಗದೆ ಕೂತಿರಿ, ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಅಲ್ಲಿಗೇ ಮರಳುತ್ತದೆ. ಓಡಿಸಿಕೊಂಡು ಹೋದರೆ ಮರಳುವುದಿಲ್ಲ.

ಫೋಟೋ ತೆಗೆಯುವವರು ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡನ್ನೂ ತೆಗೆಯಿರಿ. ಬಹಳಷ್ಟು ಜಾತಿಗಳನ್ನು ಬೇರೆ ಮಾಡುವುದು ಕೆಳಭಾಗದ ಗೆರೆ, ಚುಕ್ಕಿ. ಬ್ಲೂ ಓಕ್‌ಲೀಫ್ ರೆಕ್ಕೆ ಮುಚ್ಚಿದರೆ ನರ, ತೊಟ್ಟು ಸಹಿತ ಒಣಗಿದ ಎಲೆಯೇ, ಬಿಚ್ಚಿದಾಗಷ್ಟೇ ನೀಲಿ. ಫೋನಿನ ಗಾಜು ರೆಕ್ಕೆಗೆ ಸಮಾನಾಂತರವಾಗಿದ್ದರೆ ಪೂರ್ತಿ ರೆಕ್ಕೆ ಸ್ಪಷ್ಟವಾಗಿ ಬರುತ್ತದೆ, ಓರೆಯಾದರೆ ಅರ್ಧ ಮಸುಕು. ದಟ್ಟ ಕಾಡಿನ ತೋಡಿನ ಮೇಲೆ, ಗಾಳಿಗೆ ಬಿಟ್ಟ ಕಾಗದದ ಚೂರಿನಂತೆ ರೆಕ್ಕೆ ಬಡಿಯದೆ ತೇಲುವ ದೊಡ್ಡ ಬಿಳಿಕಪ್ಪು ಚಿಟ್ಟೆ ಕಂಡರೆ ಅದು ಮಲಬಾರ್ ಟ್ರೀ ನಿಂಫ್, ಪಶ್ಚಿಮ ಘಟ್ಟದ್ದೇ ಜಾತಿ. ಮೇ ತಿಂಗಳಲ್ಲಿ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಗಂಟೆಗಟ್ಟಲೆ ಒಂದೇ ದಿಕ್ಕಿಗೆ ರಸ್ತೆ ದಾಟುತ್ತಿರುವುದು ಕಂಡರೆ ಅದು ವಲಸೆ. ಮುಂಗಾರಿಗೆ ಮುಂಚೆ ಇವು ಘಟ್ಟದಿಂದ ಪೂರ್ವಕ್ಕೆ ಹೊರಡುತ್ತವೆ. ಒಂದು ಗೆರೆ ಗುರುತಿಟ್ಟುಕೊಂಡು ಐದು ನಿಮಿಷಕ್ಕೆ ಎಷ್ಟು ದಾಟಿದವು ಎಂದು ಮಕ್ಕಳಿಂದ ಎಣಿಸಿ. ಆಗ ಕಾರನ್ನು ನಿಧಾನವಾಗಿ ಓಡಿಸಿ.

ಚಿಟ್ಟೆಯನ್ನು ಬಲೆಯಲ್ಲಿ ಹಿಡಿಯುವುದು, ಡಬ್ಬಿಯಲ್ಲಿ ಹಾಕುವುದು ಬೇಡ. ಹಲವು ಜಾತಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಹಾಗೆಯೇ ಬೆರಳಿಗೆ ಅಂಟುವ ಪುಡಿ ರೆಕ್ಕೆಯ ಹುರುಪೆ. ಅದು ಮತ್ತೆ ಬೆಳೆಯುವುದಿಲ್ಲ.

ಅಂಗಳದಲ್ಲೇ ಚಿಟ್ಟೆ ಕರೆಯುವುದು

ಅಜ್ಜ, ಅಜ್ಜಿ ನಡೆಯಲಾರರು, ಮಗು ಚಿಕ್ಕದು ಎಂದಾದರೆ ಇದು ಒಳ್ಳೆಯ ದಾರಿ. ಒಂದಡಿ ಅಗಲದ ಮಣ್ಣಿನ ತಟ್ಟೆಗೆ ಮೂರು ಸೆಂಟಿಮೀಟರ್ ಎತ್ತರಕ್ಕೆ ಹೊಳೆ ಮರಳು ಹಾಕಿ, ಒಂದು ಹಿಡಿ ಹಳೆಯ ಸಗಣಿ ಗೊಬ್ಬರ ಬೆರೆಸಿ. ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ ಉಪ್ಪು ಕರಗಿಸಿ, ಮರಳು ಒದ್ದೆಯಾಗುವಷ್ಟು ಮಾತ್ರ ಸುರಿಯಿರಿ. ನೀರು ಮೇಲೆ ನಿಂತರೆ ಚಿಟ್ಟೆ ಕೂರುವುದಿಲ್ಲ, ಉಪ್ಪು ಹೆಚ್ಚಾದರೂ ಬರುವುದಿಲ್ಲ. ಬಿಸಿಲು ಬೀಳುವ, ಗಾಳಿ ಬಡಿಯದ ಮೂಲೆಯಲ್ಲಿಡಿ. ಮೊದಲ ದಿನವೇ ಬರಬೇಕೆಂದಿಲ್ಲ.

ಕೊಳೆಹಣ್ಣಿನ ತಟ್ಟೆ ಇನ್ನೂ ಬೇಗ ಕೆಲಸ ಮಾಡುತ್ತದೆ. ಕಪ್ಪಾದ ಎರಡು ಬಾಳೆಹಣ್ಣು, ನಿಂಬೆ ಗಾತ್ರದ ಬೆಲ್ಲ, ಎರಡು ಚಮಚ ನೀರು ಕಿವುಚಿ ಮುಚ್ಚಿ ಒಂದು ರಾತ್ರಿ ಇಟ್ಟರೆ ಹುಳಿ ವಾಸನೆ ಬರುತ್ತದೆ. ಬೆಳಗ್ಗೆ ಅದನ್ನು ನೆರಳಿನಲ್ಲಿ ಸೊಂಟದೆತ್ತರದ ಕಟ್ಟೆಯ ಮೇಲಿಡಿ. ಹೂವಿಗೆ ಬರುವುದು ಅಪರೂಪವಾದ ಬ್ಯಾರನ್, ನವಾಬ್, ಓಕ್‌ಲೀಫ್ ಜಾತಿಗಳು ಇದಕ್ಕೆ ಬರುತ್ತವೆ. ಇರುವೆ ಮುತ್ತಿದರೆ ತಟ್ಟೆಯನ್ನು ನೀರು ತುಂಬಿದ ಇನ್ನೊಂದು ತಟ್ಟೆಯೊಳಗಿಡಿ. ಕತ್ತಲಾಗುವ ಮೊದಲು ಹಣ್ಣನ್ನು ತೆಗೆದು ಹೂತುಬಿಡಿ. ಆನೆ ಓಡಾಡುವ ತೋಟವಾದರೆ ಈ ಪ್ರಯೋಗವನ್ನೇ ಕೈಬಿಡಿ.

ಎಲ್ಲಿಗೆ ಹೋಗಬಹುದು

ಮೂರು ದಿನದ ರಜೆಗೆ ಮೂರು ಬಗೆಯ ಜಾಗ ಸಾಕು. ಮೊದಲ ದಿನ ಉಳಿದುಕೊಂಡ ತೋಟವೇ. ಇನ್ನೊಂದು ದಿನ ನೀರು: ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ ಬಿದಿರುಮೆಳೆಗಳ ದ್ವೀಪ, ಬಾಗಿಲು ತೆರೆದ ಕೂಡಲೇ ಹೋಗಿ, ಹತ್ತರ ನಂತರ ಜನಜಾತ್ರೆ. ಚಿಕ್ಲಿಹೊಳೆ ಜಲಾಶಯದ ದಂಡೆಯಲ್ಲಿ ನೀರುಕಾಗೆ, ಹಾವಕ್ಕಿ, ಮಿಂಚುಳ್ಳಿ ಹುಡುಕಿ. ಬೇಸಿಗೆಯಲ್ಲಿ ಕಾವೇರಿ ಇಳಿದು ಬಂಡೆಗಳು ಮೇಲೇಳುತ್ತವೆ, ಹಾಗೆಂದು ನೀರಿಗಿಳಿಯಬೇಡಿ. ಬಂಡೆಗಳ ನಡುವಿನ ಗುಂಡಿಗಳ ಆಳ ಹೊರಗಿನಿಂದ ತಿಳಿಯದು.

ಮೂರನೆಯದು ಕಾಡಿನ ಅಂಚು. ಚಿಟ್ಟೆಗೆ ಇರ್ಪು: ಬ್ರಹ್ಮಗಿರಿಯಿಂದ ಇಳಿಯುವ ಲಕ್ಷ್ಮಣತೀರ್ಥದ ಬದಿಯ ಒದ್ದೆ ಬಂಡೆಗಳು ಬಿಸಿಲೇರಿದಾಗ ತುಂಬಿರುತ್ತವೆ. ಹಕ್ಕಿಗೆ ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಸುತ್ತಲಿನ ದಾರಿ. ಅಲ್ಲಿಂದ 1,748 ಮೀಟರ್ ಎತ್ತರದ ತಡಿಯಂಡಮೋಳ್‌ಗೆ ಹತ್ತುವ ಆಸೆಯಿದ್ದರೆ ಮೊದಲೇ ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿ. ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಹಕ್ಕಿ ನೋಡುವವರಿಗೆ ತುದಿ ಮುಟ್ಟಲೇಬೇಕೆಂದೇನಿಲ್ಲ, ಕೆಳಗಿನ ಕಾಡಿನಲ್ಲೇ ಹೆಚ್ಚು ಸಿಗುತ್ತದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಹಳೆಯ ಮರಗಳು ಉಳಿದಿರುವುದು ಅಲ್ಲೇ. ಆದರೆ ಊರಿನ ತಕ್ಕರನ್ನೋ (ಊರಿನ ಪಾರಂಪರಿಕ ಮುಖ್ಯಸ್ಥರು) ಹಿರಿಯರನ್ನೋ ಕೇಳದೆ ಒಳಗೆ ಹೋಗಬೇಡಿ. ಕೆಲವಕ್ಕೆ ಪ್ರವೇಶವೇ ಇಲ್ಲ, ಕೆಲವು ಕಡೆ ಚಪ್ಪಲಿ ಹೊರಗೆ. ಹೊರಗಿನ ರಸ್ತೆಯಲ್ಲಿ ನಿಂತೇ ನೋಡಿದರೂ ನಷ್ಟವಿಲ್ಲ.

ಆನೆ, ಜಿಗಣೆ, ಹೆಜ್ಜೇನು

ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟಗಳಿಗೆ ಕಾಡಾನೆ ಬರುವುದು ನಿತ್ಯದ ಮಾತು. ಹಲಸು ಹಣ್ಣಾಗುವ ಈ ತಿಂಗಳುಗಳಲ್ಲಿ ಇನ್ನೂ ಹೆಚ್ಚು. ಮಬ್ಬುಗತ್ತಲೆಯಲ್ಲಿ ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮೀಟರ್‌ನಿಂದಲೂ ಕಾಣುವುದಿಲ್ಲ. ಹಿಂದಿನ ರಾತ್ರಿಯೇ ತೋಟದವರನ್ನು ವಿಚಾರಿಸಿ, ಬೆಳಕು ಪೂರ್ತಿ ಹರಿದು ಕೆಲಸಗಾರರು ಓಡಾಡತೊಡಗಿದ ಮೇಲೆ, ಸ್ಥಳೀಯರೊಬ್ಬರ ಜೊತೆಯಲ್ಲೇ ಹೊರಡಿ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ವಾಪಸ್ ಬನ್ನಿ. ಹಕ್ಕಿ ಅಂಗಳದಲ್ಲೂ ಇದೆ.

ಎರಡು ಮಳೆಯಾದ ಮೇಲೆ ಜಿಗಣೆ ಶುರು. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಚೀಲದ ಹೊರಗೆ ಹೊಗೆಸೊಪ್ಪಿನ ಪುಡಿಯನ್ನೋ ಉಪ್ಪನ್ನೋ ಹಚ್ಚಿ. ಕಚ್ಚಿದ್ದನ್ನು ಎಳೆದು ಕೀಳದೆ, ಉಗುರನ್ನು ಅದರ ಬಾಯಿಯ ಬುಡಕ್ಕೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ಸಾಕು. ಒಣಹುಲ್ಲಿನಲ್ಲಿ ಓಡಾಡಿ ಬಂದ ಮಕ್ಕಳ ಕಿವಿ ಹಿಂಭಾಗ, ಕಂಕುಳು, ತೊಡೆಸಂದಿಯಲ್ಲಿ ಉಣುಗು ಹತ್ತಿದೆಯೇ ನೋಡಿ. ಕಂಬಳಿಹುಳುವನ್ನು ಮುಟ್ಟಲು ಬಿಡಬೇಡಿ. ಎತ್ತರದ ಮರದಲ್ಲೋ ಬಂಡೆಯ ಅಂಚಿನಲ್ಲೋ ಹೆಜ್ಜೇನು ಕಟ್ಟಿದ್ದರೆ ಸೆಂಟು ಹಾಕಿಕೊಂಡವರು, ಕಲ್ಲೆಸೆಯುವ ಮಕ್ಕಳು ಆ ದಾರಿ ಬಿಡುವುದೇ ಒಳ್ಳೆಯದು.

ಬರೆದಿಡುವುದು

ಒಂದು ಚಿಕ್ಕ ನೋಟುಬುಕ್ಕು, ಪೆನ್ಸಿಲ್. ಮಳೆಯಲ್ಲಿ ಪೆನ್ನಿನ ಶಾಯಿ ಅಳಿಸುತ್ತದೆ. ದಿನಾಂಕ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಮೋಡವೋ ಬಿಸಿಲೋ, ಕಂಡದ್ದರ ಹೆಸರು, ಎಷ್ಟು, ಏನು ಮಾಡುತ್ತಿತ್ತು. ಈ ವಿವರಗಳಿದ್ದರೆ ಸಂಜೆ ಹಕ್ಕಿ ದಾಖಲೆಯ ಜಾಲತಾಣ ಇಬರ್ಡ್‌ನಲ್ಲಿ ಪಟ್ಟಿ ಸೇರಿಸಬಹುದು. ಮೇ ಎರಡನೇ ಶನಿವಾರ ಕೊಡಗಿನಲ್ಲಿದ್ದರೆ ಜಗತ್ತಿನಾದ್ಯಂತ ನಡೆಯುವ ಗ್ಲೋಬಲ್ ಬಿಗ್ ಡೇ ಹಕ್ಕಿ ಎಣಿಕೆಗೂ ನಿಮ್ಮ ಪಟ್ಟಿ ಸೇರುತ್ತದೆ. ಕಾಗೆ, ಮೈನಾಗಳನ್ನೂ ಬಿಡದೆ ಬರೆಯಿರಿ; ಅಪರೂಪದ್ದನ್ನಷ್ಟೇ ಬರೆದ ಪಟ್ಟಿಯಿಂದ ಯಾವ ಹಕ್ಕಿ ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಎಂದು ತಿಳಿಯಲಾಗದು. ಕಂಡ ಗಿಳಿ ಹಿಂಡಿನಲ್ಲಿ ಎಷ್ಟಿದ್ದವೆಂದು ಗೊತ್ತಾಗದಿದ್ದರೆ ಹತ್ತನ್ನು ಎಣಿಸಿ, ಅಂಥ ಎಷ್ಟು ಹತ್ತುಗಳಿದ್ದವು ಎಂದು ಅಂದಾಜು ಮಾಡಿ. ಮರದ ತುದಿಯಿಂದ ಹಾರಿಹೋದದ್ದು ಯಾವ ಗಿಡುಗವೆಂದು ಖಚಿತವಿಲ್ಲದಿದ್ದರೆ ‘ಗಿಡುಗ, ಜಾತಿ ಗೊತ್ತಾಗಲಿಲ್ಲ’ ಎಂದೇ ಬರೆಯಿಸಿ. ಚಿಟ್ಟೆಯ ಫೋಟೋಗಳಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣ ಇದೆ. ಒಂದೇ ಚಿಟ್ಟೆಯ ಮೇಲ್ಭಾಗ, ಕೆಳಭಾಗದ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ ಹಾಕಿ, ಬೇರೆಬೇರೆ ಹಾಕಿದರೆ ಒಂದು ಚಿಟ್ಟೆ ಎರಡಾಗುತ್ತದೆ.